ನಾಲ್ಕೆಲೆಯೋ, ಸುಳಿಯೋ, ನಾಲ್ಕಂತಸ್ತೋ: ಯಾವ ಜಂಕ್ಷನ್‌ಗೆ ಯಾವ ಇಂಟರ್‌ಚೇಂಜ್?

ಅಕ್ಕನ ಮಗ ಸಿವಿಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ನನ್ನ ವಾಟ್ಸಾಪ್‌ಗೆ ಸಾಲಾಗಿ ಒಂಬತ್ತು ಫೋಟೊ ಕಳಿಸಿದ. ಎಲ್ಲವೂ ಡ್ರೋನ್‌ನಿಂದ ತೆಗೆದವು, ಸೇತುವೆ ಕಟ್ಟಿ ಹೆದ್ದಾರಿಗಳನ್ನು ಕೂಡಿಸುವ ಜಂಕ್ಷನ್ನುಗಳವು, ಅಂದರೆ ಇಂಟರ್‌ಚೇಂಜ್‌ಗಳವು. ಒಂದು ರಂಗೋಲಿ ಇದ್ದ ಹಾಗಿತ್ತು, ಇನ್ನೊಂದು ಶಾವಿಗೆ ಒತ್ತಿದ ಹಾಗೆ, ಮತ್ತೊಂದು ಸುರುಳಿ ಸುತ್ತಿದ ಚಕ್ಕುಲಿ. ಕೆಳಗೆ ಒಂದೇ ಸಾಲು: 'ಮಾವ, ಇದರಲ್ಲಿ ಯಾವುದು ಬೆಸ್ಟು? ಪ್ರಾಜೆಕ್ಟ್ ಮಾಡೆಲ್‌ಗೆ ಬೇಕು, ನಾಳೆ ಹೇಳಿ.'

ಇದೇ ಪ್ರಶ್ನೆಯನ್ನು ಆಫೀಸಿನ ಹುಡುಗನೊಬ್ಬ ಕೇಳುತ್ತಿರುತ್ತಾನೆ. ಅವನಿಗೆ ಕಂಪ್ಯೂಟರಿನಲ್ಲಿ ಊರು ಕಟ್ಟುವ ಗೇಮಿನ ಹುಚ್ಚು. ಊರಿಗೆ ಹೋದರೆ ಬೈಪಾಸ್ ಪಕ್ಕದ ಟೀ ಅಂಗಡಿಯಲ್ಲೂ ಇದೇ ಮಾತು, 'ಇಲ್ಲಿಗೂ ಮದ್ರಾಸಲ್ಲಿರೋ ಥರ ಒಂದು ಹಾಕಿದ್ರೆ ಆಗಲ್ವಾ?' ರಸ್ತೆ ಡ್ರಾಯಿಂಗ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಮೂವರಿಗೂ ಸೇರಿಸಿ ಬರೆದುಬಿಡುತ್ತೇನೆ.

ಡ್ರೋನ್ ಫೋಟೊಗಳನ್ನು ಮೊದಲು ಪಕ್ಕಕ್ಕಿಡಿ. ಆ ಚಂದ ಕಾಣುವುದು ಕಾಗೆಗೆ. ಸ್ಟೀರಿಂಗ್ ಹಿಡಿದವನಿಗೆ ಕಾಣುವುದು ಮುಂದಿನ ನೂರು ಮೀಟರ್ ರಸ್ತೆ, ಒಂದು ಹಸಿರು ಬೋರ್ಡು, ಮುಂದೆ ಹೋಗುವ ಲಾರಿಯ ಹಿಂಭಾಗ, ಇಷ್ಟೇ.

ಎರಡನೆಯದಾಗಿ, ಇಂಟರ್‌ಚೇಂಜ್ ಅನ್ನುವುದೆಲ್ಲ ಬಲಕ್ಕೆ ತಿರುಗುವವರ ಕಥೆ. ನಾವು ಎಡಗಡೆ ಓಡಿಸುವವರು. ಎಡಕ್ಕೆ ತಿರುಗುವವನು ಯಾರ ದಾರಿಗೂ ಅಡ್ಡ ಬರುವುದಿಲ್ಲ, ಸುಮ್ನೆ ಸರಿದು ಹೋಗುತ್ತಾನೆ. ನೇರ ಹೋಗುವವರ ಜಗಳ ಒಂದು ಸೇತುವೆಯಿಂದ ಮುಗಿಯುತ್ತದೆ. ತೊಂದರೆ ಇರುವುದು ಬಲಕ್ಕೆ ಹೋಗಬೇಕಾದವನದು. ಅವನು ಎದುರು ಬರುವವರನ್ನು ದಾಟಲೇಬೇಕು. ಅವನನ್ನು ಹೇಗೆ ದಾಟಿಸುವುದು ಅನ್ನುವುದಕ್ಕೆ ಜಗತ್ತು ಕೊಟ್ಟ ಬೇರೆ ಬೇರೆ ಉತ್ತರಗಳೇ ಈ ಎಲೆ, ಸುಳಿ, ಅಂತಸ್ತುಗಳು. ಅಮೆರಿಕದಂಥ ಬಲಗಡೆ ಓಡಿಸುವ ದೇಶಗಳಲ್ಲಿ ಇದೇ ಗೋಳು ಎಡಕ್ಕೆ ತಿರುಗುವವನದು. ಅಲ್ಲಿನ ಉದಾಹರಣೆ ಬಂದಾಗ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಿ.

ಅಳೆಯುವುದಕ್ಕೆ ನಾನು ಇಟ್ಟುಕೊಳ್ಳುವ ಮಾನದಂಡ ಐದು. ಬಲಕ್ಕೆ ತಿರುಗುವವರು ಎಷ್ಟು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ? ಜಾಗ ಎಷ್ಟಿದೆ? ಸೇತುವೆ ಎಷ್ಟು ಉದ್ದ, ಎಷ್ಟು ಎತ್ತರ, ಅಂದರೆ ದುಡ್ಡೆಷ್ಟು? ತಿರುಗುವಾಗ ಎಷ್ಟು ವೇಗ ಉಳಿಯಬೇಕು? ಕೊನೆಯದಾಗಿ, ಮೊದಲ ಸಲ ಬಂದವನಿಗೆ ದಾರಿ ತಿಳಿಯುತ್ತದಾ, ನಡೆದು ಹೋಗುವವನಿಗೆ ದಾರಿ ಇದೆಯಾ? ಈ ಕೊನೆಯದನ್ನು ನಮ್ಮಲ್ಲಿ ಡ್ರಾಯಿಂಗ್ ಮುಗಿದ ಮೇಲೆ ನೆನಪಿಸಿಕೊಳ್ಳುತ್ತಾರೆ.

ಮೊದಲು ಎಲ್ಲರಿಗೂ ಗೊತ್ತಿರುವ ನಾಲ್ಕೆಲೆ, ಅಂದರೆ ಕ್ಲೋವರ್‌ಲೀಫ್. ಮೇರಿಲ್ಯಾಂಡಿನ ಆರ್ಥರ್ ಹೇಲ್ ಎಂಬ ಇಂಜಿನಿಯರ್ ಇದಕ್ಕೆ 1916ರಲ್ಲಿ ಪೇಟೆಂಟ್ ಪಡೆದ. ದಿನಾಂಕ ಫೆಬ್ರವರಿ 29, ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವೇ ಸಿಕ್ಕಿತು ನೋಡಿ. ಅಮೆರಿಕದ ಮೊದಲನೆಯದು 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಬಂತು. ನಮ್ಮ ಕಡೆಯವರಿಗೆ ನೈಸ್ ರಸ್ತೆಯಿಂದ ಮೈಸೂರು ರಸ್ತೆಗೆ ಇಳಿಯುವ ಜಾಗ ಗೊತ್ತು, ಚೆನ್ನೈಗೆ ಹೋಗಿಬಂದವರಿಗೆ 2008ರಲ್ಲಿ ತೆರೆದ ಕತ್ತಿಪಾರ ಗೊತ್ತು.

ಇದರ ಜಾಣತನ ಇಷ್ಟು: ಬಲಕ್ಕೆ ಹೋಗಬೇಕಾದವನು ಬಲಕ್ಕೆ ತಿರುಗುವುದೇ ಇಲ್ಲ. ಸೇತುವೆ ದಾಟಿ ಮುಂದೆ ಹೋಗಿ, ಎಡಕ್ಕೆ ಮುಕ್ಕಾಲು ಸುತ್ತು ಹೊಡೆದು, ತನಗೆ ಬೇಕಾದ ರಸ್ತೆಗೆ ಬಂದು ಸೇರುತ್ತಾನೆ. ಒಂದೇ ಸೇತುವೆ, ಸಿಗ್ನಲ್ ಇಲ್ಲ, ಎತ್ತರ ಜಾಸ್ತಿ ಇಲ್ಲ. ಕೇಳುವುದಕ್ಕೆ ಬಲು ಅಗ್ಗ, ಅಲ್ವಾ?

ಲೆಕ್ಕ ಇರುವುದು ನೆಲದಲ್ಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುತ್ತಬೇಕಾದರೆ ಲೂಪಿನ, ಅಂದರೆ ಎಲೆಯಾಕಾರದ ಆ ಸುತ್ತುದಾರಿಯ ತ್ರಿಜ್ಯ ಸುಮಾರು 60 ಮೀಟರ್ ಬೇಕು. ಅಂಥ ಒಂದು ಎಲೆಯ ಒಳಗೇ ಹತ್ತಿರ ಹತ್ತಿರ 2.8 ಎಕರೆ ಹೋಯಿತು, ನಾಲ್ಕು ಎಲೆಗೆ 11 ಎಕರೆ. ಹೊರಗಿನ ರ‍್ಯಾಂಪುಗಳ (ಒಂದು ರಸ್ತೆಯಿಂದ ಇನ್ನೊಂದಕ್ಕೆ ಹತ್ತಿಳಿಯುವ ದಾರಿಗಳ) ಜಾಗ ಬೇರೆ. '40 ಯಾಕೆ, 80ರಲ್ಲಿ ಹೋಗೋ ಹಾಗೆ ಮಾಡಿ' ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ವೇಗ ಎರಡು ಪಟ್ಟಾದರೆ ತ್ರಿಜ್ಯ ಸುಮಾರು ನಾಲ್ಕು ಪಟ್ಟು, ಅಂದರೆ 230 ಮೀಟರ್ ಆಸುಪಾಸು. ಆಗ ಒಂದೊಂದು ಎಲೆಗೂ 41 ಎಕರೆ. ಒಂದು ತಿರುವಿಗೆ ಒಂದು ತೋಟ ಹೋದ ಹಾಗೆ. ಹಾಗಾಗಿ ನಾಲ್ಕೆಲೆ ಯಾವತ್ತಿದ್ದರೂ ನಿಧಾನದ ತಿರುವೇ.

ಇನ್ನೊಂದು ತೊಂದರೆ ಫೋಟೊದಲ್ಲಿ ಕಾಣುವುದಿಲ್ಲ. ಸೇತುವೆಯ ಹತ್ತಿರ ಒಂದು ಎಲೆಯಿಂದ ಬಂದವನು ಹೆದ್ದಾರಿಗೆ ಸೇರುತ್ತಾನೆ. ಅದೇ ಲೇನಿನಲ್ಲಿ, ನೂರೋ ನೂರೈವತ್ತೋ ಮೀಟರ್ ಮುಂದೆ, ಇನ್ನೊಬ್ಬ ಮುಂದಿನ ಎಲೆಗೆ ಹೊರಡುತ್ತಾನೆ. ಬಂದವನು ವೇಗ ಹೆಚ್ಚಿಸುತ್ತಾ ಬಲಕ್ಕೆ ಸರಿಯಬೇಕು, ಹೋಗುವವನು ಬ್ರೇಕ್ ಒತ್ತುತ್ತಾ ಎಡಕ್ಕೆ ಸರಿಯಬೇಕು. ಇಬ್ಬರೂ ಒಬ್ಬರಿಗೊಬ್ಬರು ಕತ್ತರಿ. 60ರ ವೇಗದಲ್ಲಿ 120 ಮೀಟರ್ ಅಂದರೆ ಏಳು ಸೆಕೆಂಡ್. ಒಮ್ಮೆ ಮಳೆಗಾಲದ ಸಂಜೆ ನಾನು ಹೀಗೇ ಎಡಕ್ಕೆ ಸರಿಯಲು ಹೋದಾಗ ಒಳಗಿನಿಂದ ಮರಳು ಲಾರಿ ಬಂತು. ಅದರ ಹಿಂದೆ ಹಸಿರು ಬಣ್ಣದಲ್ಲಿ 'ನಿಧಾನವೇ ಪ್ರಧಾನ' ಅಂತ ಬರೆದಿತ್ತು. ಎಕ್ಸಿಟ್ ಬಿಟ್ಟು ಮುಂದೆ ಹೋದೆ. ವಾಪಸ್ ಬರಲು ಹನ್ನೊಂದು ಕಿಲೋಮೀಟರ್ ಆಯಿತು.

ಇಂಜಿನಿಯರುಗಳು ಇದನ್ನು ವೀವಿಂಗ್ ಅನ್ನುತ್ತಾರೆ. ಮಗ್ಗದಲ್ಲಿ ನೂಲು ಹಾಯುವ ಹಾಗೆ ವಾಹನ ಹಾಯಬೇಕು. ವಾಹನ ಕಮ್ಮಿ ಇದ್ದಾಗ ನೇಯ್ಗೆ, ಜಾಸ್ತಿ ಆದಾಗ ಗಂಟು. ಅಮೆರಿಕದಲ್ಲಿ ಹಳೇ ನಾಲ್ಕೆಲೆಗಳನ್ನು ಒಂದೊಂದಾಗಿ ಬದಲಿಸುತ್ತಿರುವುದು ಇದಕ್ಕೇ. ವುಡ್‌ಬ್ರಿಜ್‌ನ ಮೊದಲನೆಯದೂ ಈಗ ಉಳಿದಿಲ್ಲ. ಸ್ಟಾಕ್‌ಹೋಮಿನ ಸ್ಲುಸೆನ್‌ನಲ್ಲಿ 1935ರಲ್ಲಿ ತೆರೆದದ್ದೂ ಹೋಯಿತು. ಅದರದ್ದೊಂದು ತಮಾಷೆ ಹೇಳಲೇಬೇಕು. 1967ರಲ್ಲಿ ಸ್ವೀಡನ್ ಒಂದೇ ದಿನದಲ್ಲಿ ಎಡಗಡೆಯಿಂದ ಬಲಗಡೆ ಓಡಿಸಲು ಶುರು ಮಾಡಿತು. ನಾಲ್ಕೆಲೆ ನಾಲ್ಕು ಕಡೆಯಿಂದಲೂ ಒಂದೇ ಥರ ಇರುವುದರಿಂದ ಸ್ಲುಸೆನ್‌ಗೆ ಹೆಚ್ಚೇನೂ ಮಾಡಬೇಕಾಗಲಿಲ್ಲ, ವಾಹನಗಳು ಅದೇ ಎಲೆಗಳನ್ನು ಉಲ್ಟಾ ಸುತ್ತಿದವು.

ಹಾಗಂತ ನಾಲ್ಕೆಲೆ ಬೇಡವೇ ಬೇಡ ಅಂತಲ್ಲ. ಊರಾಚೆ, ನೆಲ ಅಗ್ಗವಾಗಿ ಸಿಗುವಲ್ಲಿ, ಬಲಕ್ಕೆ ತಿರುಗುವವರು ನಾಲ್ಕು ದಿಕ್ಕಿನಿಂದಲೂ ಮಿತವಾಗಿರುವಲ್ಲಿ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಸಿಗ್ನಲ್ ಇಲ್ಲದ ಜಂಕ್ಷನ್ ಸಿಗುವುದು ಕಷ್ಟ. ನಗರದ ನಡುವೆ ಮಾತ್ರ ನಾನಂತೂ ಒಪ್ಪುವುದಿಲ್ಲ.

ನಾಲ್ಕೆಲೆಗೆ ಪೂರ್ತಿ ಎದುರು ಸ್ವಭಾವದ್ದು ಸ್ಟ್ಯಾಕ್, ನಮ್ಮ ಮಾತಿನಲ್ಲಿ ಅಂತಸ್ತು. ಸುತ್ತುವ ಮಾತೇ ಇಲ್ಲ. ಬಲಕ್ಕೆ ಹೋಗಬೇಕಾ, ಒಂದು ಉದ್ದನೆಯ ಸೇತುವೆ ನಿಮ್ಮನ್ನು ಎಲ್ಲರ ತಲೆಯ ಮೇಲಿಂದ ಎತ್ತಿ ಆ ಕಡೆ ಇಳಿಸುತ್ತದೆ. ಜಗತ್ತಿನ ಮೊದಲನೆಯದು ಲಾಸ್ ಏಂಜಲೀಸಿನದು, 1949ರಲ್ಲಿ ಕಟ್ಟಿ 1953ರಲ್ಲಿ ಪೂರ್ತಿ ತೆರೆದರು. ಹೆಸರೇ ಫೋರ್ ಲೆವೆಲ್.

ಅತಿ ದೊಡ್ಡವುಗಳಲ್ಲಿ ಒಂದನ್ನು ನಾನು ಕಣ್ಣಾರೆ ನೋಡಿದ್ದೇನೆ, ಡಲ್ಲಾಸಿನ ಹೈ ಫೈವ್. ಪ್ಲೇನೋ ಕಡೆ ಇರುವ ಕನ್ನಡದವರು ಡಲ್ಲಾಸ್ ಪೇಟೆಗೆ ಹೋಗುವಾಗ ಇದನ್ನು ದಾಟಿಯೇ ಹೋಗುತ್ತಾರೆ. ಭಾವ ನನ್ನನ್ನು ಕೂರಿಸಿಕೊಂಡು ಬೇಕಂತಲೇ ಮೇಲಿನ ರ‍್ಯಾಂಪ್ ಹತ್ತಿಸಿದರು. ಹನ್ನೆರಡು ಅಂತಸ್ತಿನ ಕಟ್ಟಡದಷ್ಟು ಎತ್ತರ. ಹತ್ತುವಾಗ ಎದುರಿಗೆ ಬರೀ ಆಕಾಶ, ರಸ್ತೆ ಎಲ್ಲಿ ತಿರುಗುತ್ತದೆ ಅಂತ ತುದಿ ತಲುಪುವವರೆಗೂ ಕಾಣುವುದಿಲ್ಲ. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ರಾಯರ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಭಾವನಿಗೆ ಮಾತ್ರ ವೇಗ ಕಮ್ಮಿ ಮಾಡುವ ಅಗತ್ಯವೇ ಬರಲಿಲ್ಲ. ಸ್ಟ್ಯಾಕ್ ಅಂದರೆ ಇದೇ: ತಿರುಗುವವನಿಗೂ ಹೆದ್ದಾರಿಯ ವೇಗ, ಕತ್ತರಿ ಹಾಕುವವರಿಲ್ಲ.

ಬಿಲ್ಲು ನೋಡಿ. 2005ರಲ್ಲಿ ಮುಗಿದಾಗ ಹೈ ಫೈವ್‌ಗೆ ಆದ ಖರ್ಚು ಸುಮಾರು 26 ಕೋಟಿ ಡಾಲರ್. ದುಡ್ಡು ಎಲ್ಲಿ ಹೋಗುತ್ತದೆ ಅಂದರೆ, ಪ್ರತಿ ಅಂತಸ್ತಿಗೂ ಲಾರಿ ಹಾಯಲು 5.5 ಮೀಟರ್ ಖಾಲಿ ಬಿಡಬೇಕು, ಸೇತುವೆ ಹೊರುವ ಗರ್ಡರಿನ (ತೊಲೆಯ) ದಪ್ಪ ಸೇರಿಸಿ ಏಳೂವರೆ ಅಂತಿಟ್ಟುಕೊಳ್ಳಿ. ನಾಲ್ಕನೇ ಅಂತಸ್ತು 22 ಮೀಟರ್ ದಾಟಿತು. ನೂರು ಮೀಟರಿಗೆ ಐದು ಮೀಟರ್ ಏರುವ ಇಳಿಜಾರಿನಲ್ಲಿ ಅಷ್ಟು ಹತ್ತಲು 450 ಮೀಟರ್, ಇಳಿಯಲು ಇನ್ನೊಂದು 450. ಒಂದು ತಿರುವಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ರ‍್ಯಾಂಪ್. ಇಂಥವು ನಾಲ್ಕು. ಎರಡು ಮಹಾ ಹೆದ್ದಾರಿಗಳು ಕೂಡುವಲ್ಲಿ, ತಿರುಗುವವರೇ ನೇರ ಹೋಗುವವರಷ್ಟು ಇರುವಲ್ಲಿ ಮಾತ್ರ ಇದು ಲೆಕ್ಕಕ್ಕೆ ಕೂಡಿಬರುತ್ತದೆ.

ನಡೆಯುವವರ ಮಾತು ಬಂದರೆ, ಲಾಸ್ ಏಂಜಲೀಸಿನಲ್ಲೇ 1993ರಲ್ಲಿ ತೆರೆದ ಪ್ರೆಗರ್ಸನ್ ಇಂಟರ್‌ಚೇಂಜಿನ ಹೊಟ್ಟೆಯೊಳಗೆ ಮೆಟ್ರೊ ನಿಲ್ದಾಣ, ಬಸ್ ನಿಲ್ದಾಣ ಎರಡೂ ಇವೆ. ಕಾಗದದ ಮೇಲೆ ಭೇಷ್ ಅನ್ನಿಸುವ ಯೋಚನೆ. ಆದರೆ ಸುತ್ತಲೂ ಐದಾರು ರಸ್ತೆ ಗುಡುಗುವಾಗ ಅಲ್ಲಿ ಬಸ್ ಕಾಯುವವರ ಕಿವಿಯ ಗತಿ ಏನು ಹೇಳಿ.

ಇವೆರಡರ ನಡುವಿನದು ಸುಳಿ. ಟರ್ಬೈನ್ ಅಂತ ಹೆಸರು. ಬಲಕ್ಕೆ ಹೋಗುವವನು ಮೊದಲು ಎಡಕ್ಕೆ ಸರಿದು, ಜಂಕ್ಷನ್ನಿನ ಮಧ್ಯವನ್ನು ದೂರದಿಂದ ಬಳಸಿಕೊಂಡು, ದೊಡ್ಡ ಬಾಗಿನಲ್ಲಿ ಬಲಕ್ಕೆ ಬರುತ್ತಾನೆ. ನಾಲ್ಕೂ ರ‍್ಯಾಂಪುಗಳು ಒಂದರ ಹಿಂದೊಂದು ನೀರಿನ ಸುಳಿಯ ಹಾಗೆ ಸುತ್ತುತ್ತವೆ. ನಾಲ್ಕಂತಸ್ತಿನ ಗೋಪುರ ಬೇಕಿಲ್ಲ, ಎಲ್ಲೂ ಎರಡಕ್ಕಿಂತ ಹೆಚ್ಚು ರಸ್ತೆ ಒಂದರ ಮೇಲೊಂದು ಬಾರದ ಹಾಗೆ ಕಟ್ಟಬಹುದು. ವೇಗವೂ ಚೆನ್ನಾಗಿ ಉಳಿಯುತ್ತದೆ, ಕತ್ತರಿ ಹಾಕುವ ಕಾಟವೂ ಇಲ್ಲ. ಅಮೆರಿಕದ ಶಾರ್ಲೆಟ್ ನಗರದಲ್ಲಿ 85 ಮತ್ತು 485 ಹೆದ್ದಾರಿಗಳು ಕೂಡುವಲ್ಲಿ ಇಂಥದ್ದಿದೆ. ತೆರಬೇಕಾದದ್ದು ನೆಲದಲ್ಲಿ, ಮತ್ತೆ ಸಣ್ಣ ಸಣ್ಣ ಸೇತುವೆಗಳ ಸಂಖ್ಯೆಯಲ್ಲಿ. ಗೇಮ್ ಆಡುವ ಹುಡುಗನಿಗೆ ನನ್ನ ಉತ್ತರ ಇದೇ. ಅಲ್ಲಿ ಭೂಸ್ವಾಧೀನದ ಕೇಸು ಹೈಕೋರ್ಟಿಗೆ ಹೋಗುವುದಿಲ್ಲ, ಹತ್ತು ವರ್ಷ ತಡೆಯಾಜ್ಞೆ ಬರುವುದಿಲ್ಲ. ಸುಳಿ ಹಾಕು, ಮಜಾ ಮಾಡು.

ಈಗ ನನಗೆ ಬಹಳ ಇಷ್ಟವಾದದ್ದಕ್ಕೆ ಬರುತ್ತೇನೆ. ಇದು ನೋಡಲು ಏನೇನೂ ಇಲ್ಲ, ಡ್ರೋನ್ ಹಾರಿಸಿದರೂ ಲೈಕು ಬೀಳುವುದಿಲ್ಲ. ಡೈವರ್ಜಿಂಗ್ ಡೈಮಂಡ್. ಒಂದು ದೊಡ್ಡ ಹೆದ್ದಾರಿ, ಅದರ ಮೇಲೆ ಸೇತುವೆಯಲ್ಲಿ ಹಾಯುವ ಊರಿನ ರಸ್ತೆ ಅಂತಿಟ್ಟುಕೊಳ್ಳಿ. ನೀವು ಊರಿನ ರಸ್ತೆಯಲ್ಲಿ ಬರುತ್ತೀರಿ. ಸೇತುವೆಗೆ ಮೊದಲು ಒಂದು ಸಿಗ್ನಲ್. ಹಸಿರು ಬಿದ್ದಾಗ ಗೆರೆ ಹಿಡಿದು ಹೋದರೆ, ನೀವು ರಸ್ತೆಯ ಬಲಗಡೆಗೆ ಬಂದುಬಿಟ್ಟಿರುತ್ತೀರಿ! ಎದುರಿನವರು ನಿಮ್ಮ ಎಡಕ್ಕೆ. ಸೇತುವೆ ಪೂರ್ತಿ ಹೀಗೇ. ಹೆದ್ದಾರಿಗೆ ಬಲಕ್ಕೆ ಇಳಿಯಬೇಕಾ? ಬಲಗಡೆಯಲ್ಲೇ ಇದ್ದೀರಲ್ಲ, ಯಾರನ್ನೂ ದಾಟದೆ ಇಳಿದುಬಿಡಿ. ನೇರ ಹೋಗುವವರು ಆ ತುದಿಯ ಎರಡನೇ ಸಿಗ್ನಲಿನಲ್ಲಿ ಮತ್ತೆ ಎಡಕ್ಕೆ ಬರುತ್ತಾರೆ. ಬಲತಿರುವಿಗೆ ಅಂತಲೇ ಸಿಗ್ನಲಿನಲ್ಲಿ ಬೇರೆ ಸಮಯ ಕೊಡಬೇಕಿಲ್ಲ, ಹಾಗಾಗಿ ಎಲ್ಲರ ಕಾಯುವಿಕೆಯೂ ಇಳಿಯುತ್ತದೆ.

ಫ್ರಾನ್ಸಿನ ವರ್ಸೇಲ್ಸ್‌ನಂಥ ಕಡೆ 1970ರ ದಶಕದಲ್ಲೇ ಇಂಥವು ಇದ್ದವು. ಅಮೆರಿಕದಲ್ಲಿ ಇದನ್ನು ಮುಂದಕ್ಕೆ ತಂದವನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಕ್ಲಾಸಿನ ಪ್ರಾಜೆಕ್ಟ್ ಮಾಡುವ ವಯಸ್ಸಿನಲ್ಲಿ. (ಅಳಿಯ ಓದುತ್ತಿದ್ದರೆ ಗಮನಿಸಲಿ.) ಅಲ್ಲಿನ ಮೊದಲನೆಯದು 2009ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತೆರೆಯಿತು. ಹಳೇ ಸೇತುವೆಯನ್ನೇ ಉಳಿಸಿಕೊಂಡು, ಸುಮಾರು 32 ಲಕ್ಷ ಡಾಲರಿನಲ್ಲಿ ಮುಗಿಸಿದರು. ಹೈ ಫೈವ್‌ನ ಬಿಲ್ಲಿನ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಕೆಲಸ ಮಾಡುವುದಿಲ್ಲ, ನಿಜ. ಆದರೆ ಹೆಚ್ಚಿನ ಊರುಗಳಿಗೆ ಬೇಕಿರುವುದು ಈ ಸಣ್ಣ ಕೆಲಸವೇ.

ಹಾಗಾದರೆ ನಮ್ಮ ಬೈಪಾಸಿಗೆ ಹಾಕಿಬಿಡೋಣವಾ? ಎರಡು ಅಡ್ಡಿ ಇವೆ. ಇದರಲ್ಲಿ ಹೆದ್ದಾರಿಯಿಂದ ಇಳಿದವನು ಅಡ್ಡರಸ್ತೆ ದಾಟಿ ನೇರವಾಗಿ ಮತ್ತೆ ಹೆದ್ದಾರಿ ಹತ್ತಲು ಆಗುವುದಿಲ್ಲ. ನಮ್ಮ ಹೆದ್ದಾರಿಗಳಿಗೆ ಪಕ್ಕದಲ್ಲೇ ಸರ್ವಿಸ್ ರೋಡ್ ಇರುತ್ತದೆ, ಬಸ್ಸು, ಟ್ರ್ಯಾಕ್ಟರ್, ಟಿವಿಎಸ್ ಎಲ್ಲ ಅದರಲ್ಲೇ ನೇರ ಹೋಗಬೇಕು. ಆ ಎಳೆ ಇಲ್ಲಿ ತುಂಡಾಗುತ್ತದೆ. ಎರಡನೆಯದು, ಕೆಂಪು ದೀಪ ಹಾರಿಸುವವನು ಮಾಮೂಲಿ ಸಿಗ್ನಲಿನಲ್ಲಿ ಒಬ್ಬರಿಗೆ ತೊಂದರೆ ಕೊಟ್ಟರೆ, ಇಲ್ಲಿ ರಸ್ತೆಯ ಎದುರು ಭಾಗಕ್ಕೇ ನುಗ್ಗಿಬಿಡಬಹುದು. ಗೆರೆ ಅಳಿಸಿಹೋದ ರಾತ್ರಿ, ಕರೆಂಟ್ ಇಲ್ಲದಾಗ ಏನು ಗತಿ? ನನಗೆ ಇಷ್ಟವಾದರೂ ನಮ್ಮ ಕಡೆಗೆ ಕಣ್ಣು ಮುಚ್ಚಿ ಹೇಳಲಾರೆ.

ಇದರ ಅಣ್ಣ ಒಬ್ಬನಿದ್ದಾನೆ, ಸಿಂಗಲ್ ಪಾಯಿಂಟ್. 1974ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಮೊದಲು ಬಂದದ್ದು. ಎರಡು ಸಿಗ್ನಲಿನ ಬದಲು ಮಧ್ಯದಲ್ಲಿ ಒಂದೇ ಸಿಗ್ನಲ್. ಜಾಗ ಕಮ್ಮಿ ಸಾಕು, ಆದರೆ ಸೇತುವೆ ಅಗಲವಾಗಬೇಕು, ಮಧ್ಯದ ಅಂಗಳ ದೊಡ್ಡದಾಗುವುದರಿಂದ ನಡೆದು ದಾಟುವವನಿಗೆ ಕಷ್ಟ.

ಬಜೆಟ್ ಇನ್ನೂ ಕಮ್ಮಿ ಇದ್ದರೆ ಬ್ರಿಟಿಷರ ದಾರಿ ಇದೆ: ಹೆದ್ದಾರಿ ಕೆಳಗೋ ಮೇಲೋ ನೇರ ಹೋಗಲಿ, ಉಳಿದವರೆಲ್ಲ ಒಂದು ದೊಡ್ಡ ಸರ್ಕಲ್ ಸುತ್ತಲಿ. ಯು-ಟರ್ನ್ ಬೇಕಾದವನಿಗೂ ದಾರಿ ಆಯಿತು, ಎಕ್ಸಿಟ್ ತಪ್ಪಿದರೆ ಇನ್ನೊಂದು ಸುತ್ತು ಹೊಡೆದರಾಯಿತು. ಸರ್ಕಲ್ ತುಂಬಿದ ದಿನ ಮಾತ್ರ ನಾಲ್ಕೂ ಕಡೆ ಒಟ್ಟಿಗೆ ನಿಲ್ಲುತ್ತದೆ. ಆಮೇಲೆ ಸಿಗ್ನಲ್ ಹಾಕುತ್ತಾರೆ. ಮೂರು ರಸ್ತೆ ಕೂಡುವಲ್ಲಿ ಟ್ರಂಪೆಟ್ ಸಾಕು. ಬೆಂಗಳೂರು ಏರ್‌ಪೋರ್ಟಿಗೆ ಹೋಗುವಾಗ ಎಡಕ್ಕೆ ಸರಿದು, ಹತ್ತಿ, ಹೆದ್ದಾರಿ ದಾಟಿ ಬಲಕ್ಕೆ ಹೋಗುತ್ತೀರಲ್ಲ, ಅದೇ. ಅದರಲ್ಲಿ ಹೆಚ್ಚು ಹೇಳುವುದೇನಿಲ್ಲ, ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಇನ್ನು ಅಳಿಯ ಕಳಿಸಿದ ಫೋಟೊಗಳಲ್ಲಿ ಅರ್ಧದಷ್ಟು ಇದ್ದದ್ದು ಆರಿಸಿಕೊಳ್ಳುವ ಜಾತಿಯವೇ ಅಲ್ಲ. ಅವು ಜಾಗ ಹೇಳಿದ ಹಾಗೆ ಕೇಳಿ ಹುಟ್ಟಿದವು. ಶಾಂಘೈನ ನಾನ್‌ಪು ಸೇತುವೆಯನ್ನೇ ನೋಡಿ, 1991ರದು. ಕೆಳಗೆ ಹಡಗು ಹೋಗಬೇಕು, ಹಾಗಾಗಿ ಸೇತುವೆ ಎತ್ತರ. ಆ ಎತ್ತರಕ್ಕೆ ನೇರ ಏರಲು ಹಳೇ ಊರಿನ ಕಡೆ ಜಾಗವಿಲ್ಲ. ರಸ್ತೆಯನ್ನು ಹಾವಿನ ಹಾಗೆ ಸುರುಳಿ ಸುತ್ತಿಸಿದರು. ಟೋಕಿಯೊದ ಓಹಾಶಿ ಜಂಕ್ಷನ್‌ನಲ್ಲಿ ಒಂದು ರಸ್ತೆ ನೆಲದ ಅಡಿ, ಇನ್ನೊಂದು ಆಕಾಶದಲ್ಲಿ, ನಡುವೆ ಸುಮಾರು 70 ಮೀಟರ್ ವ್ಯತ್ಯಾಸ. 2010ರಲ್ಲಿ ಅಲ್ಲಿ ಎರಡನ್ನೂ ಕೂಡಿಸುವ ಸುರುಳಿ ಕಟ್ಟಿ, ಗೋಡೆ ಮುಚ್ಚಿ, ಆಮೇಲೆ ಅದರ ಚಾವಣಿಯ ಮೇಲೆ ಪಾರ್ಕ್ ಮಾಡಿದರು. ಒಳಗೆ ಲಾರಿ ಸುತ್ತುತ್ತಿರುತ್ತದೆ, ಮೇಲೆ ಅಜ್ಜಂದಿರು ವಾಕಿಂಗ್ ಮಾಡುತ್ತಾರೆ. ಚೀನಾದ ಚೋಂಗ್‌ಚಿಂಗ್‌ನ ಹುವಾಂಗ್‌ಜುಯೆವಾನ್‌ನಲ್ಲಿ ಐದು ಅಂತಸ್ತು, 20 ರ‍್ಯಾಂಪ್, ಎಂಟು ದಿಕ್ಕು. 2017ರಲ್ಲಿ ತೆರೆದಾಗ ಜನ ನಕ್ಕಿದ್ದರು, ಒಂದು ತಿರುವು ತಪ್ಪಿದರೆ ಮನೆ ಮರೆತ ಹಾಗೇ ಅಂತ. ಗುಡ್ಡದೂರಿಗೆ ಅದು ಬೇಕಿತ್ತೇನೋ. ಮೈಸೂರು, ದಾವಣಗೆರೆಯಂಥ ಬಯಲಿಗೆ ಅದನ್ನು ತಂದು ಕೂರಿಸಿದರೆ ದುಡ್ಡಿಗೆ ದಂಡ.

ಬರ್ಮಿಂಗ್‌ಹ್ಯಾಮಿನ ಸ್ಪೆಗೆಟಿ ಜಂಕ್ಷನ್ನೂ ಅದೇ ಜಾತಿ. 1972ರಲ್ಲಿ ತೆರೆದದ್ದು, 559 ಕಾಂಕ್ರೀಟ್ ಪಿಲ್ಲರ್, ಸುಮಾರು 30 ಎಕರೆ. ಅದರಡಿ ಕಾಲುವೆಗಳು ಮೊದಲೇ ಇದ್ದವು. ಕುದುರೆ ಹಗ್ಗ ಕಟ್ಟಿ ದೋಣಿ ಎಳೆದರೆ ಆ ಹಗ್ಗ ಪಿಲ್ಲರಿಗೆ ಸಿಕ್ಕಬಾರದು ಅಂತ ನೋಡಿಕೊಂಡು ಪಿಲ್ಲರ್‌ಗಳ ಜಾಗ ಗುರುತಿಸಿದ್ದರಂತೆ. ಈ ಒಂದು ವಿಷಯಕ್ಕೆ ಆ ಶಾವಿಗೆ ಗಂಟಿನ ಮೇಲೆ ನನಗೆ ಗೌರವ.

ಅಳಿಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. 'ಮಾವ, ಇಷ್ಟೆಲ್ಲ ಬೇಡ, ಒಂದು ಹೆಸರು ಹೇಳಿ' ಅಂದ. ಹೆಸರು ಹೇಳಲಿಲ್ಲ. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಅವರೂರಿನ ಬೈಪಾಸ್ ಜಂಕ್ಷನ್ನಿನಲ್ಲಿ ಕೂತು, ಬಲಕ್ಕೆ ತಿರುಗುವವರನ್ನು ನಾಲ್ಕು ದಿಕ್ಕಿನಿಂದ ಬೇರೆ ಬೇರೆ ಎಣಿಸು, ಸಂಜೆ ಇನ್ನೊಮ್ಮೆ ಎಣಿಸು ಅಂದೆ. ಗೊಣಗಿದ. ಆದರೆ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಟೀ ಅಂಗಡಿ ಬೆಂಚಿನ ಮೇಲೆ ಕೂತ. ಐದೈದರ ಗೆರೆ ಹಾಕಿದ ನೋಟ್‌ಬುಕ್ಕಿನ ಫೋಟೊ ಬಂತು. ಮೂರು ಕಾಲಂ ಅರ್ಧವೂ ತುಂಬಿರಲಿಲ್ಲ. ನಾಲ್ಕನೆಯದು, ಇಂಡಸ್ಟ್ರಿಯಲ್ ಏರಿಯಾ ಕಡೆಗೆ ತಿರುಗುವವರದು, ಪುಟ ದಾಟಿ ಹಿಂಬದಿಗೆ ಹೋಗಿತ್ತು. ಸಂಜೆಯ ಪುಟದಲ್ಲೂ ಅದೇ ಕಾಲಂ ಮುಂದೆ.

ಅಂಥ ಜಂಕ್ಷನ್ನಿಗೆ ನಾಲ್ಕು ಎಲೆಯೂ ಬೇಡ, ನಾಲ್ಕು ಅಂತಸ್ತೂ ಬೇಡ. ಆ ಒಂದು ತಿರುವಿಗೆ ಮಾತ್ರ ನೇರ ಫ್ಲೈಓವರ್, ಉಳಿದವರಿಗೆ ಕೆಳಗೆ ಸರ್ಕಲ್ಲೋ ಸಿಗ್ನಲ್ಲೋ ಸಾಕು. ಈಗ ಅವನು ಪ್ಲೈವುಡ್ ಮೇಲೆ ಅದನ್ನೇ ಅಂಟಿಸುತ್ತಿದ್ದಾನೆ. ಒಂಟಿ ಕೈ ಮೇಲೆತ್ತಿ ನಿಂತ ಹಾಗಿದೆ, ಜೊತೆಯವರೆಲ್ಲ ಚಕ್ಕುಲಿ ಮಾಡುವಾಗ ನನ್ನದೊಂದೇ ಹೀಗೆ ಅಂತ ಅವನಿಗೆ ಸ್ವಲ್ಪ ಬೇಜಾರು. ನೋಟ್‌ಬುಕ್ಕನ್ನೂ ಮಾಡೆಲ್ ಪಕ್ಕದಲ್ಲೇ ಇಡು, ಎಕ್ಸ್‌ಟರ್ನಲ್ ಪರೀಕ್ಷಕರು ಬಂದಾಗ ಮೊದಲು ಅದನ್ನೇ ತೋರಿಸು ಅಂದಿದ್ದೇನೆ.